ಬೇರೆಯವರ ಜಾಗದಲ್ಲಿ ಬಿದ್ದು ಪೆಟ್ಟಾದರೆ: ಪರಿಹಾರ ಪಡೆಯುವ ದಾರಿ, ಮೊದಲ ಗಂಟೆಯಿಂದ ಕೊನೆಯ ಚೆಕ್ಕಿನವರೆಗೆ

ಮದುವೆ ಊಟ ಮುಗಿಸಿದ ಪಂಕ್ತಿಯವರೆಲ್ಲ ಒಟ್ಟಿಗೆ ಕೈ ತೊಳೆಯುವ ಜಾಗಕ್ಕೆ ನುಗ್ಗುತ್ತಾರೆ. ಪಾಲಿಶ್ ಮಾಡಿದ ಗ್ರಾನೈಟ್ ನೆಲ, ಅನ್ನದಗುಳು ಸಿಕ್ಕಿ ಕಟ್ಟಿಕೊಂಡ ಮೋರಿ, ಮೇಲೆ ಎಣ್ಣೆ ತೇಲುವ ನೀರು. ಟೈಲರಿಂಗ್ ಮಾಡುವ 38 ವರ್ಷದ ಹೆಂಗಸೊಬ್ಬರು ಅಲ್ಲಿ ಜಾರಿ, ನೆಲಕ್ಕೆ ಕೈ ಊರಿ, ಬಲಗೈ ಮಣಿಕಟ್ಟು ಮುರಿದುಕೊಂಡರು ಅಂತ ಇಟ್ಟುಕೊಳ್ಳಿ. ಆಂಬುಲೆನ್ಸ್ ಗೇಟು ದಾಟುವಷ್ಟರಲ್ಲಿ ಮಂಟಪದ ಹುಡುಗ ನೆಲ ಒರೆಸಿ ಗೋಣಿಚೀಲ ಹಾಸಿರುತ್ತಾನೆ. ಸಂಜೆ ಹೋಗಿ ನೋಡಿದರೆ ನೆಲ ಒಣಗಿದೆ, ಮೋರಿ ಹರಿಯುತ್ತಿದೆ, ‘ನಮ್ಮಲ್ಲಿ ಯಾವಾಗಲೂ ಹೀಗೇ ಇರುತ್ತದೆ’ ಎನ್ನುವ ಮ್ಯಾನೇಜರ್ ಇದ್ದಾನೆ.

ಇಂಥ ಕೇಸುಗಳು ಸೋಲುವುದು ಕೋರ್ಟಿನಲ್ಲಿ ಅಲ್ಲ, ಆ ಅರ್ಧ ಗಂಟೆಯಲ್ಲಿ. ಕಾನೂನು ಗಾಯಗೊಂಡವರ ಪರವಾಗಿ ಸಾಕಷ್ಟು ಇದೆ, ಇಲ್ಲದಿರುವುದು ಪುರಾವೆ. ಹಾಗಾಗಿ ಈ ಬರಹದ ಹೆಚ್ಚು ಭಾಗ ಪುರಾವೆಯ ಬಗ್ಗೆಯೇ ಇದೆ. ಕರ್ನಾಟಕದ ಕೋರ್ಟು, ಗ್ರಾಹಕ ಆಯೋಗಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಉದಾಹರಣೆಗೆ ಉದ್ದಕ್ಕೂ ಈ ಮಣಿಕಟ್ಟಿನ ಕೇಸನ್ನೇ ಹಿಡಿದುಕೊಳ್ಳೋಣ.

ಸಾಬೀತು ಮಾಡಬೇಕಾದ್ದು ಏನು

‘ಅವರ ಜಾಗದಲ್ಲಿ ಬಿದ್ದೆ, ಅವರೇ ಕೊಡಬೇಕು’ ಎಂಬ ವಾದ ನಿಲ್ಲುವುದಿಲ್ಲ. ಭಾರತದಲ್ಲಿ ಇದಕ್ಕೆಂದೇ ಬರೆದ ಕಾಯ್ದೆ ಇಲ್ಲ. ಕೋರ್ಟುಗಳು ನಿರ್ಲಕ್ಷ್ಯದ ಸಾಮಾನ್ಯ ತತ್ವದ ಮೇಲೆ ತೀರ್ಪು ಕೊಡುತ್ತವೆ. ನೀವು ತೋರಿಸಬೇಕಾದ್ದು ನಾಲ್ಕು: ಜಾಗ ಯಾರ ಸುಪರ್ದಿನಲ್ಲಿತ್ತು, ಅಲ್ಲಿ ಅಪಾಯ ಏನಿತ್ತು, ಆ ಅಪಾಯ ಅವರಿಗೆ ಗೊತ್ತಿತ್ತು ಅಥವಾ ಗೊತ್ತಿರಲೇಬೇಕಿತ್ತು, ಮತ್ತು ನಿಮ್ಮ ಗಾಯ ಅದರಿಂದಲೇ ಆಯಿತು.

ಮೂರನೆಯದೇ ಕಗ್ಗಂಟು. ನೀವು ಬೀಳುವುದಕ್ಕೆ ಹತ್ತು ಸೆಕೆಂಡು ಮೊದಲು ಯಾರೋ ನೀರು ಚೆಲ್ಲಿದ್ದರೆ ಮಂಟಪದವರನ್ನು ಹೊಣೆ ಮಾಡುವುದು ಕಷ್ಟ. ಅದೇ ನೀರು ಮೊದಲ ಪಂಕ್ತಿಯಿಂದಲೂ ನಿಂತಿದ್ದರೆ, ನೋಡಿಕೊಳ್ಳಲು ಒಬ್ಬರೂ ಇಲ್ಲದಿದ್ದರೆ, ಅದು ನಿರ್ಲಕ್ಷ್ಯ. ಅಂದರೆ ನೀರು ಇತ್ತೇ ಎಂಬುದಕ್ಕಿಂತ ಎಷ್ಟು ಹೊತ್ತಿನಿಂದ ಇತ್ತು ಎಂಬುದು ಮುಖ್ಯ. ಮುಂದೆ ಹೇಳುವ ಪ್ರತಿಯೊಂದು ಕಾಗದವೂ ಈ ‘ಎಷ್ಟು ಹೊತ್ತಿನಿಂದ’ ಎಂಬುದಕ್ಕೆ ಉತ್ತರ ಹುಡುಕುವುದಕ್ಕೇ.

ಕೆಲವು ಸಂದರ್ಭದಲ್ಲಿ ಘಟನೆಯೇ ಸಾಕ್ಷಿ ಹೇಳುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಇದನ್ನೇ ಹೇಳಿತು: ಸರಿಯಾಗಿ ನೋಡಿಕೊಂಡ ಗೋಪುರ ಸುಮ್ಮನೆ ಬೀಳುವುದಿಲ್ಲ, ಏಕೆ ಬಿತ್ತೆಂದು ವಿವರಿಸುವ ಭಾರ ಪಾಲಿಕೆಯದು. ಆ ಗೋಪುರಕ್ಕೆ ಸುಮಾರು 80 ವರ್ಷವಾಗಿತ್ತು, ಅದರ ಗಾರೆಯ ಆಯುಸ್ಸು 40-45 ವರ್ಷ. ಛಾವಣಿಯ ಕಾಂಕ್ರೀಟು ಉದುರುವುದು, ಲಿಫ್ಟು ಜಾರಿ ಇಳಿಯುವುದು, ಬೋರ್ಡು ಕಳಚಿ ತಲೆ ಮೇಲೆ ಬೀಳುವುದು, ಎಲ್ಲ ಈ ಜಾತಿಯವು. ಆದರೆ ಇದನ್ನು ಎಲ್ಲದಕ್ಕೂ ಎಳೆಯಲು ಬರುವುದಿಲ್ಲ. ರಾಜ್‌ಕೋಟ್‌ನಲ್ಲಿ ರಸ್ತೆ ಬದಿಯ ಮರ ಬಿದ್ದು ಒಬ್ಬರು ಸತ್ತಾಗ, ಮರ ಬೀಳುತ್ತದೆಂದು ಪಾಲಿಕೆ ಊಹಿಸಲು ಆಧಾರವಿರಲಿಲ್ಲ ಎಂದು ಅದೇ ಸುಪ್ರೀಂ ಕೋರ್ಟು 1997ರಲ್ಲಿ ಪರಿಹಾರ ನಿರಾಕರಿಸಿತು. ಜಾರಿ ಬಿದ್ದ ಕೇಸು ಈ ಎರಡನೆಯದಕ್ಕೆ ಹತ್ತಿರ. ಪುರಾವೆ ನೀವೇ ಕೂಡಿಸಬೇಕು.

ವಿದ್ಯುತ್ ತಂತಿಯದು ಬೇರೆ ಲೆಕ್ಕ. ಹರಿದು ಬಿದ್ದ ತಂತಿ ತಗುಲಿದರೆ ಸರಬರಾಜು ಮಾಡುವ ಸಂಸ್ಥೆಯ ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಅಗತ್ಯವೇ ಇಲ್ಲ, ಹೊಣೆ ತಾನಾಗಿ ಬರುತ್ತದೆ ಎಂದು 2002ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ತೀರ್ಮಾನವಾಗಿದೆ.

ಮೊದಲ ಗಂಟೆ

ಗಾಯಗೊಂಡವರಿಗೆ ಇದೆಲ್ಲ ಆಗದು. ಜೊತೆಯಲ್ಲಿದ್ದವರಲ್ಲಿ ಒಬ್ಬರು ಆಸ್ಪತ್ರೆಗೆ ಹೋಗಲಿ, ಇನ್ನೊಬ್ಬರು ಅಲ್ಲೇ ನಿಲ್ಲಲಿ. ನಿಂತವರ ಕೆಲಸ ಇದು.

ಫೋಟೋವನ್ನು ಮೂರು ದೂರದಿಂದ ತೆಗೆಯಿರಿ. ಮೊದಲನೆಯದು ಇಡೀ ಜಾಗ ಕಾಣುವಂತೆ: ಬೇಸಿನ್‌ಗಳ ಸಾಲು, ಬಾಗಿಲು, ಬೆಳಕು, ಎಚ್ಚರಿಕೆಯ ಫಲಕ ಇದೆಯೋ ಇಲ್ಲವೋ. ಎರಡನೆಯದು ಬಿದ್ದ ಜಾಗದಿಂದ ಎರಡು ಹೆಜ್ಜೆ ಹಿಂದೆ ನಿಂತು. ಮೂರನೆಯದು ಬಗ್ಗಿ, ನೆಲಕ್ಕೆ ಹತ್ತಿರ, ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿಟ್ಟು. ಮೇಲಿನಿಂದ ತೆಗೆದರೆ ಗ್ರಾನೈಟಿನ ಮೇಲಿನ ನೀರು ಕಾಣುವುದೇ ಇಲ್ಲ. ಬೆಳಕಿಗೆ ಎದುರಾಗಿ ಓರೆಯಾಗಿ ತೆಗೆದರೆ ಮಾತ್ರ ಹೊಳೆಯುತ್ತದೆ. ನೀರಿನ ಮೇಲೆ ಎಲ್ಲ ದಿಕ್ಕಿಗೂ ಕೆಸರಿನ ಹೆಜ್ಜೆ ಗುರುತಿದ್ದರೆ ಅದನ್ನು ಬಿಡಬೇಡಿ. ನೂರು ಜನ ಓಡಾಡುವಷ್ಟು ಹೊತ್ತು ನೀರು ಅಲ್ಲೇ ಇತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ನಲವತ್ತು ಸೆಕೆಂಡಿನ ವಿಡಿಯೋ ಮಾಡಿ, ಮೋರಿಯಲ್ಲಿ ನೀರು ಇಳಿಯದಿರುವುದನ್ನು ಹಿಡಿಯಿರಿ. ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸುವವರಿದ್ದಾರೆ. ಹಾಗೆ ಮಾಡಿದರೆ ಫೋಟೋದೊಳಗಿನ ದಿನಾಂಕ-ಸಮಯದ ಮಾಹಿತಿ ಹೋಗುತ್ತದೆ. ಮೂಲ ಕಡತ ತೆಗೆದ ಫೋನಿನಲ್ಲೇ ಇರಲಿ, ಆ ಫೋನನ್ನು ಕೇಸು ಮುಗಿಯುವವರೆಗೆ ಮಾರಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಕಡತವನ್ನು ಹಾಜರುಪಡಿಸಲು ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತವನ್ನು ತಿದ್ದಿಲ್ಲ ಎಂದು ತೋರಿಸುವ, ಅದರಿಂದಲೇ ಲೆಕ್ಕ ಹಾಕಿ ತೆಗೆದ ಅಂಕಿ-ಅಕ್ಷರಗಳ ಗುರುತು) ಬರೆಯಬೇಕು.

ಚಪ್ಪಲಿಯನ್ನು ಎತ್ತಿಡಿ. ತೊಳೆಯಬೇಡಿ, ಮತ್ತೆ ಹಾಕಿಕೊಳ್ಳಬೇಡಿ, ಕಾಗದದ ಚೀಲದಲ್ಲಿ ಸುತ್ತಿಡಿ. ‘ಸವೆದ ಚಪ್ಪಲಿ ಹಾಕಿಕೊಂಡು ಬಂದಿದ್ದರು’ ಎಂಬ ವಾದ ಬರುವುದು ಖಚಿತ. ಆಗ ಅಟ್ಟೆ ತೋರಿಸಲು ಇದೊಂದೇ ಇರುವುದು.

ಸಾಕ್ಷಿಗಳಾಗಿ ನೆಂಟರಿಗಿಂತ ಹೊರಗಿನವರು ಮೇಲು: ಬಡಿಸುವವರು, ಹೂವಿನವರು, ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಅಪರಿಚಿತರು. ಹೆಸರು, ಫೋನ್ ನಂಬರ್, ‘ನಾನು ಹನ್ನೆರಡೂವರೆಗೆ ಕೈ ತೊಳೆದಾಗಲೂ ಹೀಗೇ ಇತ್ತು’ ಎಂಬಂಥ ಒಂದು ಸಾಲು. ಬಡಿಸುವವರ ಹೇಳಿಕೆ ಅಂದೇ ಸಿಗಬೇಕು. ಮರುದಿನ ಅವರಿಗೆ ಮಂಟಪದ ಕೆಲಸ ಬೇಕಾಗಿರುತ್ತದೆ.

ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಮಾಲ್, ಹೋಟೆಲು, ಆಸ್ಪತ್ರೆಗಳಲ್ಲಿ ಘಟನೆ ಬರೆದಿಡುವ ಪುಸ್ತಕ ಇರುತ್ತದೆ. ಅದರಲ್ಲಿ ಬರೆಸಿ, ಪುಟದ ಫೋಟೋ ತೆಗೆದುಕೊಳ್ಳಿ. ಪುಸ್ತಕ ಇಲ್ಲದ ಕಡೆ ಅವರ ನಂಬರಿಗೆ ಒಂದು ಮೆಸೇಜು ಹಾಕಿ. ಅವರು ‘ಸಾರಿ ಮೇಡಂ, ಮೋರಿ ಕಟ್ಟಿಕೊಂಡಿತ್ತು’ ಅಂತ ಉತ್ತರಿಸಿದರೆ ಅರ್ಧ ಕೇಸು ಅಲ್ಲೇ ಮುಗಿಯಿತು.

ಕ್ಯಾಮೆರಾ

ಸಿಸಿಟಿವಿ ಡಿಸ್ಕು ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಸಣ್ಣ ಅಂಗಡಿಯಲ್ಲಿ ವಾರಕ್ಕೇ ಅಳಿಯಬಹುದು, ದೊಡ್ಡ ಕಡೆ ತಿಂಗಳು ಉಳಿಯಬಹುದು. ಹಾಗಾಗಿ ಕಾಗದ ಇಪ್ಪತ್ತನಾಲ್ಕು ಗಂಟೆಯೊಳಗೆ ಹೋಗಬೇಕು. ಇಮೇಲ್ ಸಾಕು, ವಕೀಲರ ಸಹಿ ಬೇಕಿಲ್ಲ. ಹೀಗೆ ಬರೆಯಬಹುದು:

‘ದಿನಾಂಕ ___ರಂದು ಮಧ್ಯಾಹ್ನ ಸುಮಾರು 1.40ಕ್ಕೆ ನಿಮ್ಮ ಕಲ್ಯಾಣ ಮಂಟಪದ ನೆಲಮಹಡಿಯ ಕೈ ತೊಳೆಯುವ ಜಾಗದಲ್ಲಿ, ನಿಂತ ನೀರಿನಿಂದ ಜಾರಿ ಬಿದ್ದು ನನ್ನ ಬಲಗೈ ಮುರಿದಿದೆ. ಊಟದ ಹಾಲ್, ಕೈ ತೊಳೆಯುವ ಜಾಗ ಮತ್ತು ಅಲ್ಲಿಗೆ ಹೋಗುವ ಪ್ಯಾಸೇಜ್ ಕಾಣುವ ಎಲ್ಲ ಕ್ಯಾಮೆರಾಗಳ ಅಂದಿನ ಬೆಳಿಗ್ಗೆ 11ರಿಂದ ಸಂಜೆ 4ರವರೆಗಿನ ದೃಶ್ಯಾವಳಿಯನ್ನು ಅಳಿಸದೆ ಕಾಯ್ದಿಡಬೇಕು, ಅದರ ಪ್ರತಿಯನ್ನು ನನಗೆ ಕೊಡಬೇಕು. ಕಾಯ್ದಿಡದಿದ್ದರೆ ಅದು ನಿಮಗೆ ವಿರುದ್ಧವಾಗಿತ್ತೆಂದು ಭಾವಿಸುವಂತೆ ನ್ಯಾಯಾಲಯವನ್ನು ಕೋರುತ್ತೇನೆ.’

ಬಿದ್ದ ಐದು ನಿಮಿಷದ ತುಣುಕು ಮಾತ್ರ ಕೇಳುವುದು ಎಲ್ಲರೂ ಮಾಡುವ ತಪ್ಪು. ಅದರಲ್ಲಿ ನೀವು ಬೀಳುವುದಷ್ಟೇ ಕಾಣುತ್ತದೆ. ನೀರು ಎಷ್ಟು ಹೊತ್ತಿನಿಂದ ನಿಂತಿತ್ತು, ನಿಮಗಿಂತ ಮೊದಲು ಯಾರಾದರೂ ಜಾರಿದರೇ, ಒರೆಸುವವರು ಬಂದರೇ ಎಂಬುದು ಕಾಣಬೇಕಾದರೆ ಹಿಂದಿನ ಎರಡು ಗಂಟೆ ಬೇಕು. ಬಿದ್ದ ಮೇಲೆ ಅವಸರದಲ್ಲಿ ಒರೆಸಿದ್ದು ನಂತರದ ಎರಡು ಗಂಟೆಯಲ್ಲಿರುತ್ತದೆ. ಕೊನೆಯ ವಾಕ್ಯ ಬೆದರಿಕೆಯಲ್ಲ. ಕೈಯಲ್ಲಿರುವ ಸಾಕ್ಷ್ಯವನ್ನು ತಡೆಹಿಡಿದವರ ವಿರುದ್ಧ ಹಾಗೆ ಊಹಿಸಲು ಸಾಕ್ಷ್ಯ ಅಧಿನಿಯಮದ 119ನೇ ಕಲಂ ಅವಕಾಶ ಕೊಡುತ್ತದೆ.

ಆಸ್ಪತ್ರೆಯ ಒಂದು ಸಾಲು

ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು ‘ಏನಾಯ್ತು?’ ಅಂತ ಕೇಳುತ್ತಾರೆ. ನೋವಿನಲ್ಲಿ ‘ಬಿದ್ದೆ ಡಾಕ್ಟ್ರೇ’ ಅನ್ನುತ್ತೀರಿ. ಅವರು ಕೇಸ್ ಶೀಟಿನಲ್ಲಿ ‘ಸೆಲ್ಫ್ ಫಾಲ್’ ಎಂದು ಬರೆಯುತ್ತಾರೆ. ಎರಡು ವರ್ಷದ ನಂತರ ಎದುರಿನ ವಕೀಲರು ಮೊದಲು ತೆಗೆಯುವುದು ಇದೇ ಎರಡು ಪದ: ‘ತಾವೇ ಬಿದ್ದೆ ಅಂತ ಡಾಕ್ಟರ ಹತ್ತಿರ ಹೇಳಿದ್ದೀರಲ್ಲ?’ ಇನ್ಶೂರೆನ್ಸ್ ಕಂಪನಿಯವರಿಗಂತೂ ಇದು ಹಬ್ಬ. ಆದ್ದರಿಂದ ಎಲ್ಲಿ, ಯಾವಾಗ, ಯಾವುದರಿಂದ ಎಂಬುದನ್ನು ಸೇರಿಸಿಯೇ ಹೇಳಿ: ‘ಇಂಥ ಮಂಟಪದ ಕೈ ತೊಳೆಯುವ ಜಾಗದಲ್ಲಿ, ನೆಲದ ಮೇಲೆ ನಿಂತಿದ್ದ ನೀರಿನಿಂದ ಜಾರಿ.’ ಬರೆದದ್ದನ್ನು ಓದಿ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿ. ತಿಂಗಳ ನಂತರ ತಿದ್ದಿದರೆ ಅದಕ್ಕೆ ಬೆಲೆ ಇಲ್ಲ, ಅನುಮಾನ ಮಾತ್ರ ಹೆಚ್ಚುತ್ತದೆ.

ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ಕೇಸ್ ಎಂದು ದಾಖಲು ಮಾಡಿಸಿ. ‘ಪೊಲೀಸ್ ತಲೆನೋವು ಯಾಕೆ, ಬಿಡಿ’ ಎಂದು ಖಾಸಗಿ ಆಸ್ಪತ್ರೆಯವರೇ ಹೇಳುವುದುಂಟು. ಎಂಎಲ್‌ಸಿ ಆದರೆ ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಗುತ್ತದೆ, ಮುಂದೆ ಗಾಯದ ಪ್ರಮಾಣಪತ್ರ ಸಿಗುತ್ತದೆ. ಡಿಸ್ಚಾರ್ಜ್ ಸಾರಾಂಶ, ಎಕ್ಸ್-ರೇ ಫಿಲ್ಮು ಅಥವಾ ಸಿಡಿ, ಪ್ರತಿ ಬಿಲ್ಲು, ಔಷಧಿ ಚೀಟಿಯ ಜೊತೆ ಅದಕ್ಕೆ ಹೊಂದುವ ಮೆಡಿಕಲ್ ಶಾಪಿನ ರಸೀದಿ, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಚೀಟಿಯಿಲ್ಲದ ಔಷಧಿ ಬಿಲ್ಲನ್ನು ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ಮೆಡಿಕ್ಲೈಮ್ ಇದ್ದರೆ ಮೂಲ ಬಿಲ್ಲುಗಳು ವಿಮಾ ಕಂಪನಿಗೆ ಹೋಗಿಬಿಡುತ್ತವೆ. ಕೊಡುವ ಮೊದಲೇ ಆಸ್ಪತ್ರೆಯ ಮುದ್ರೆ ಬಿದ್ದ ನಕಲು ಪಡೆದಿಟ್ಟುಕೊಳ್ಳಿ. ವಿಮೆಯಿಂದ ಬಂದ ಹಣವನ್ನು ಮುಚ್ಚಿಡಬೇಡಿ, ಪಾಟೀಸವಾಲಿನಲ್ಲಿ ಹೊರಬಂದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಪೊಲೀಸ್ ದೂರು ಬೇಕೇ?

ತರಚು ಗಾಯಕ್ಕೆ ಬೇಡ. ಮೂಳೆ ಮುರಿತಕ್ಕೆ ಬೇಕು. ಈಗಿನ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂಳೆ ಮುರಿತ ತೀವ್ರ ಗಾಯ. ಇತರರ ಸುರಕ್ಷತೆಗೆ ಅಪಾಯವಾಗುವ ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ 125ನೇ ಕಲಂ ಅಡಿ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಟ್ಟಡ ಕಟ್ಟುವಾಗ, ಕೆಡವುವಾಗ ಆದ ನಿರ್ಲಕ್ಷ್ಯಕ್ಕೆ 290, ಸಾಕುನಾಯಿಯಂಥ ಪ್ರಾಣಿಯ ವಿಷಯಕ್ಕೆ 291. 2024ರ ಜುಲೈ 1ಕ್ಕಿಂತ ಮೊದಲಿನ ಘಟನೆಗೆ ಹಳೆಯ ಭಾರತೀಯ ದಂಡ ಸಂಹಿತೆಯೇ (ಐಪಿಸಿ) ಅನ್ವಯ.

ಈ ದೂರಿನ ಉದ್ದೇಶ ಮಾಲೀಕರನ್ನು ಜೈಲಿಗೆ ಹಾಕಿಸುವುದಲ್ಲ. ಎಫ್‌ಐಆರ್ ಆದರೆ ಪೊಲೀಸರು ಪಂಚರೊಂದಿಗೆ ಬಂದು ಸ್ಥಳ ಮಹಜರು ಮಾಡುತ್ತಾರೆ, ನಕ್ಷೆ ಬರೆಯುತ್ತಾರೆ, ನಿಮಗೆ ಕೊಡದ ಸಿಸಿಟಿವಿಯನ್ನು ಅವರು ಜಪ್ತಿ ಮಾಡಬಲ್ಲರು. ಈ ಕಾಗದಗಳ ದೃಢೀಕೃತ ನಕಲು ಪರಿಹಾರದ ಕೇಸಿನಲ್ಲಿ ಚಿನ್ನ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಎಂದರೆ ಹಿಂಬರಹ ಕೊಡಿ ಎಂದು ಕೇಳಿ, ಕೊಟ್ಟ ಅರ್ಜಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿ ಅಥವಾ ಡಿಸಿಪಿಯವರಿಗೆ ಕಳಿಸಬಹುದು. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಖುಲಾಸೆಯಾದರೂ ಪರಿಹಾರದ ಕೇಸು ಬೀಳುವುದಿಲ್ಲ, ಅಲ್ಲಿ ಬೇಕಾದ ಸಾಬೀತಿನ ಮಟ್ಟವೇ ಬೇರೆ.

ಯಾರ ಮೇಲೆ ಕೇಸು

ಮಾಲೀಕರೇ ಹೊಣೆ ಎಂದೇನಿಲ್ಲ, ಜಾಗವನ್ನು ಯಾರು ನಡೆಸುತ್ತಾರೋ ಅವರು. ಮಂಟಪ ಟ್ರಸ್ಟಿನದು, ನಡೆಸುವವರು ಲೀಸಿಗೆ ಪಡೆದವರು, ಅಡುಗೆ-ಸ್ವಚ್ಛತೆ ಕಾಂಟ್ರಾಕ್ಟರದು ಎಂದಿರಬಹುದು. ಮೂವರನ್ನೂ ಪಕ್ಷಗಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದಿಬ್ಬರೂ ಬೆರಳು ತೋರಿಸುವುದು ಆ ಬಿಟ್ಟವರ ಕಡೆಗೇ. ಮಾಲ್‌ನಲ್ಲಿ ಅಂಗಡಿಯ ಒಳಗೆ ಬಿದ್ದರೆ ಅಂಗಡಿಯವರು, ಕಾರಿಡಾರ್, ಎಸ್ಕಲೇಟರ್, ಪಾರ್ಕಿಂಗ್‌ನಲ್ಲಿ ಬಿದ್ದರೆ ಮಾಲ್ ಮತ್ತು ಅದರ ನಿರ್ವಹಣಾ ಕಂಪನಿ. ಅಪಾರ್ಟ್‌ಮೆಂಟಿನ ಮೆಟ್ಟಿಲು, ಲಿಫ್ಟು, ಈಜುಕೊಳಕ್ಕೆ ಮಾಲೀಕರ ಸಂಘ. ಸಂಘಕ್ಕೆ ಇನ್ನೂ ಹಸ್ತಾಂತರ ಆಗದಿದ್ದರೆ ಬಿಲ್ಡರ್. ಬಾಡಿಗೆ ಮನೆಯೊಳಗಿನ ದಿನನಿತ್ಯದ ಅಪಾಯಕ್ಕೆ ಬಾಡಿಗೆದಾರ, ಗೋಡೆ-ಛಾವಣಿಯಂಥ ರಚನೆಗೆ ಮನೆ ಮಾಲೀಕ.

ಲಿಫ್ಟಿನ ಅವಘಡವಾದರೆ ಒಂದು ಕೆಲಸ ತಪ್ಪಿಸಬೇಡಿ. ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಕಾಯ್ದೆ ಇದೆ, ಪರವಾನಗಿ-ಪರಿಶೀಲನೆ ವಿದ್ಯುತ್ ಪರಿವೀಕ್ಷಣಾಲಯದ್ದು. ಆ ಲಿಫ್ಟಿಗೆ ಪರವಾನಗಿ ಇದೆಯೇ, ಕೊನೆಯ ಪರಿಶೀಲನೆ ಯಾವಾಗ, ಏನು ದೋಷ ಬರೆದಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಪರವಾನಗಿಯೇ ಇಲ್ಲ ಎಂಬ ಒಂದು ಸಾಲಿನ ಉತ್ತರ ಬಂದರೆ ಎದುರಿನವರ ವಾದದ ಬುಡವೇ ಸಡಿಲ.

ಕೆಲಸಕ್ಕೆಂದು ಹೋದವರು, ಗಾರೆ, ಪೇಂಟಿಂಗ್‌ನವರು, ಇದರ ಜೊತೆ ಕಾರ್ಮಿಕ ಪರಿಹಾರದ ದಾರಿಯನ್ನೂ ನೋಡಬೇಕು. ಅಲ್ಲಿ ನಿರ್ಲಕ್ಷ್ಯ ತೋರಿಸಬೇಕಿಲ್ಲ, ಕೆಲಸದ ವೇಳೆ ಕೆಲಸದಿಂದಾಗಿ ಪೆಟ್ಟಾಯಿತು ಎಂದರೆ ಸಾಕು.

ಎಷ್ಟು ಕೇಳಬೇಕು

‘ಹತ್ತು ಲಕ್ಷ ಕೇಳೋಣ, ಐದು ಬರುತ್ತೆ’ ಎಂಬ ಲೆಕ್ಕ ಎಲ್ಲಿಯೂ ನಡೆಯುವುದಿಲ್ಲ. ಪ್ರತಿ ರೂಪಾಯಿಗೂ ಒಂದು ಶೀರ್ಷಿಕೆ, ಅಂದರೆ ಅದು ಯಾವ ನಷ್ಟಕ್ಕೆ ಎಂಬ ಬಾಬತ್ತು, ಬೇಕು. ವಾಹನ ಅಪಘಾತದ ಪ್ರಕರಣಗಳಿಗೆ ಸುಪ್ರೀಂ ಕೋರ್ಟು ರೂಪಿಸಿದ ಲೆಕ್ಕವನ್ನು ಇಂಥ ಕೇಸಿನಲ್ಲೂ ಅಳತೆಗೋಲಾಗಿ ಬಳಸುತ್ತಾರೆ. ಕಡ್ಡಾಯವಲ್ಲ, ಆದರೆ ನ್ಯಾಯಾಧೀಶರಿಗೆ ಪರಿಚಿತ ಭಾಷೆ ಅದು.

ನಮ್ಮ ಟೈಲರ್ ತಿಂಗಳಿಗೆ 18,000 ದುಡಿಯುತ್ತಿದ್ದರು ಎನ್ನಿ. ವರ್ಷಕ್ಕೆ 2,16,000. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40 ವಯಸ್ಸಿಗೆ ಗುಣಕ (ವರ್ಷದ ದುಡಿಮೆಯನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ) 15. ಅಂದರೆ ದುಡಿಮೆಯ ಒಟ್ಟು ಮೌಲ್ಯ 32,40,000. ಇದಕ್ಕೆ ದುಡಿಯುವ ಶಕ್ತಿ ಎಷ್ಟು ಶೇಕಡ ಕುಗ್ಗಿತು ಎಂಬುದನ್ನು ಅನ್ವಯಿಸಬೇಕು. ಜನ ಎಡವುವುದು ಇಲ್ಲೇ. ಡಾಕ್ಟರು ಕೊಡುವುದು ಕೈಯ ಊನದ ಶೇಕಡ. ಕೋರ್ಟಿಗೆ ಬೇಕಾದ್ದು ಆ ಊನ ಈ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ಉದಾಹರಣೆ ಇದನ್ನು ಬಿಡಿಸಿ ಹೇಳುತ್ತದೆ: ಎಡಗೈ ಹೋದ ಡ್ರೈವರ್ ಅಥವಾ ಬಡಗಿಗೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಕೆಲಸ ಉಳಿಯಬಹುದು. ಟೈಲರ್‌ಗೆ ಬಲ ಮಣಿಕಟ್ಟು ತಿರುಗದಿದ್ದರೆ ಕತ್ತರಿ ಹಿಡಿಯಲು ಬರುವುದಿಲ್ಲ. ಇದನ್ನು ಡಾಕ್ಟರ ಬಾಯಲ್ಲಿ ಹೇಳಿಸಬೇಕು. ಶೇ. 15 ಎಂದು ಕೋರ್ಟು ಒಪ್ಪಿದರೆ 4,86,000.

ಇದಕ್ಕೆ ಆಸ್ಪತ್ರೆ-ಔಷಧಿ 1,40,000, ಕೈ ಕಟ್ಟಿಸಿಕೊಂಡು ಕೂತ ನಾಲ್ಕು ತಿಂಗಳ ದುಡಿಮೆ 72,000, ನೋಡಿಕೊಂಡವರು, ಓಡಾಟ, ವಿಶೇಷ ಆಹಾರಕ್ಕೆ 25,000, ನೋವು-ಸಂಕಟಕ್ಕೆ 50,000, ಬದುಕಿನ ಸೌಖ್ಯದ ನಷ್ಟಕ್ಕೆ 40,000 ಸೇರಿಸಿ. ಒಟ್ಟು 8,13,000. ಮೂಳೆ ಕೂಡಿಸಲು ಒಳಗೆ ಹಾಕಿದ ಪ್ಲೇಟನ್ನು ಮುಂದೆ ತೆಗೆಸಬೇಕಿದ್ದರೆ ಅದರ ಅಂದಾಜು ವೆಚ್ಚದ ಚೀಟಿಯನ್ನು ಡಾಕ್ಟರಿಂದ ಈಗಲೇ ಬರೆಸಿಕೊಳ್ಳಿ, ನಂತರ ಕೇಳಲು ಬರುವುದಿಲ್ಲ.

18,000 ಎಂಬುದಕ್ಕೆ ಆಧಾರವೇನು? ಸಂಬಳದ ಚೀಟಿ ಇಲ್ಲದವರ ಕೇಸು ಇಲ್ಲಿ ಸೊರಗುತ್ತದೆ. ಫೋನ್‌ಪೇ, ಗೂಗಲ್‌ಪೇ ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟು, ಅಳತೆ ಬರೆದ ನೋಟ್‌ಬುಕ್, ಹೊಲಿಗೆ ಯಂತ್ರದ ಸಾಲದ ಕಂತು, ಇಬ್ಬರು ಗಿರಾಕಿಗಳ ಅಫಿಡವಿಟ್. ಯಾವುದೂ ಇಲ್ಲದಿದ್ದರೆ ಕೋರ್ಟು ತನಗೆ ತೋಚಿದ ಮೊತ್ತ ಹಿಡಿಯುತ್ತದೆ, ಅದು ಯಾವಾಗಲೂ ಕಡಿಮೆಯೇ.

ನೋಟಿಸು

ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಲೀಗಲ್ ನೋಟಿಸು ಕಳಿಸಿ. ಘಟನೆ, ಅವರ ಲೋಪ, ಗಾಯ, ಶೀರ್ಷಿಕೆವಾರು ಮೊತ್ತ, 15 ದಿನದ ಗಡುವು. ಎರಡು-ಮೂರು ಪುಟ ಸಾಕು. ‘ನಿಮ್ಮಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮೆ ಇದ್ದರೆ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ತಿಳಿಸಿ, ಈ ನೋಟಿಸನ್ನು ಅವರಿಗೂ ಕಳಿಸಿ’ ಎಂಬ ಸಾಲು ಇರಲೇಬೇಕು. ಮಾಲ್, ಹೋಟೆಲುಗಳು ಇಂಥ ಪಾಲಿಸಿ ಇಟ್ಟಿರುವುದುಂಟು. ವಿಮೆ ಇದ್ದಾಗ ರಾಜಿ ಬೇಗ ಆಗುತ್ತದೆ, ಏಕೆಂದರೆ ಕೊಡುವುದು ತಮ್ಮ ಜೇಬಿನಿಂದಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಕೌಂಟರಿನಲ್ಲಿ ನೋಂದಣಿ ಸೌಲಭ್ಯ ಸಹಿತ ಸ್ಪೀಡ್ ಪೋಸ್ಟ್ ಎಂದು ಕೇಳಿ, ತಲುಪಿದ ಪುರಾವೆಯನ್ನು ಪ್ರಿಂಟ್ ತೆಗೆದಿಡಿ.

ಎದುರಿನವರು ಸರ್ಕಾರ ಅಥವಾ ಸರ್ಕಾರಿ ಅಧಿಕಾರಿಯಾದರೆ ಸಿವಿಲ್ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸು ಕಡ್ಡಾಯ. ಪಾಲಿಕೆ, ಪುರಸಭೆಗಳ ಕಾಯ್ದೆಗಳಲ್ಲಿ ನೋಟಿಸಿಗೂ ದಾವೆಗೂ ಪ್ರತ್ಯೇಕ, ಚಿಕ್ಕ ಗಡುವುಗಳಿವೆ. ಖಾಸಗಿಯವರ ವಿರುದ್ಧದ ದಾವೆಯಂತೆ ಅಲ್ಲೂ ‘ಇನ್ನೂ ಮೂರು ವರ್ಷ ಇದೆ’ ಎಂದು ಕೂರಬೇಡಿ, ಮೊದಲ ವಾರವೇ ವಕೀಲರನ್ನು ಕಾಣಿ. ರಸ್ತೆ ಗುಂಡಿಯಂಥ ವಿಷಯಕ್ಕೆ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯ ದಾರಿಯೂ ಇದೆ. ಒಳ್ಳೆಯ ರಸ್ತೆ ಜೀವಿಸುವ ಹಕ್ಕಿನ ಭಾಗ, ಗುಂಡಿಯಿಂದ ಹಾನಿಯಾದವರು ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಹೇಳಿದೆ.

ಗ್ರಾಹಕ ಆಯೋಗವೋ, ಸಿವಿಲ್ ಕೋರ್ಟೋ

ದುಡ್ಡು ಕೊಟ್ಟು ಸೇವೆ ಪಡೆದ ಜಾಗವಾದರೆ ಗ್ರಾಹಕ ಆಯೋಗವೇ ಮೇಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಯಾವ ಆಯೋಗ ಎಂಬುದನ್ನು ನಿರ್ಧರಿಸುವುದು ನೀವು ಕೇಳುವ ಪರಿಹಾರವಲ್ಲ, ನೀವು ಸೇವೆಗೆ ಕೊಟ್ಟ ಹಣ. 800 ರೂಪಾಯಿ ಊಟದ ಬಿಲ್ಲಿನ ಹೋಟೆಲಿನಲ್ಲಿ ಬಿದ್ದು 8 ಲಕ್ಷ ಕೇಳಿದರೂ ಜಿಲ್ಲಾ ಆಯೋಗವೇ. 5 ಲಕ್ಷದವರೆಗಿನ ಸೇವೆಗೆ ಶುಲ್ಕ ಸೊನ್ನೆ. ಸಿವಿಲ್ ಕೋರ್ಟಿನಲ್ಲಾದರೆ ಕೇಳುವ ಮೊತ್ತದ ಮೇಲೆ ಶುಲ್ಕ ಏರುತ್ತದೆ. ಇನ್ನೊಂದು ಅನುಕೂಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಮಾಲ್‌ನಲ್ಲಿ ಬಿದ್ದವರು ಶಿವಮೊಗ್ಗದಲ್ಲಿ ಕೇಸು ಹಾಕಬಹುದು. ಸಿವಿಲ್ ದಾವೆಯಾದರೆ ಘಟನೆ ನಡೆದ ಊರು ಅಥವಾ ಪ್ರತಿವಾದಿ ಇರುವ ಊರು.

ಮಂಟಪದ ಬಾಡಿಗೆ ಕೊಟ್ಟದ್ದು ಹೆಣ್ಣಿನ ಕಡೆಯವರು, ಬಿದ್ದದ್ದು ಅತಿಥಿ. ಅತಿಥಿ ಗ್ರಾಹಕರೇ? ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆಯ ಫಲ ಪಡೆದವರೂ ಗ್ರಾಹಕರೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಆಮಂತ್ರಣ ಪತ್ರಿಕೆ, ಬಾಡಿಗೆಯ ರಸೀದಿಯ ನಕಲು, ಬಾಡಿಗೆ ಕೊಟ್ಟವರ ಅಫಿಡವಿಟ್ ಮೂರನ್ನೂ ಲಗತ್ತಿಸಿ. ಮಾಲ್‌ಗೆ ಸುಮ್ಮನೆ ತಿರುಗಾಡಲು ಹೋಗಿ ಏನನ್ನೂ ಕೊಳ್ಳದವರಿಗೆ ಈ ಬಾಗಿಲು ಕಷ್ಟ. ಪಾರ್ಕಿಂಗ್ ಚೀಟಿಯಾದರೂ ಇದ್ದರೆ ಎತ್ತಿಡಿ. ಸ್ನೇಹಿತರ ಮನೆಯ ಮೆಟ್ಟಿಲು, ನೆರೆಮನೆಯ ನಾಯಿ, ಪಕ್ಕದ ಸೈಟಿನ ಗುಂಡಿ, ಇವೆಲ್ಲ ಸಿವಿಲ್ ಕೋರ್ಟಿಗೇ.

ಗಡುವು: ಆಯೋಗಕ್ಕೆ ಎರಡು ವರ್ಷ, ಖಾಸಗಿಯವರ ವಿರುದ್ಧ ಸಿವಿಲ್ ದಾವೆಗೆ ಮೂರು ವರ್ಷ, ಗಾಯಗೊಂಡವರು ತೀರಿಕೊಂಡಿದ್ದರೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಕುಟುಂಬಕ್ಕೆ ಸಾವಿನ ದಿನದಿಂದ ಎರಡು ವರ್ಷ. ನೋಟಿಸು ಕಳಿಸಿದ ಮಾತ್ರಕ್ಕೆ ಖಾಸಗಿಯವರ ವಿರುದ್ಧದ ಗಡುವು ಹಿಗ್ಗುವುದಿಲ್ಲ. ‘ಕೊಡ್ತೀವಿ ಸಾರ್, ಆಡಿಟ್ ಮುಗೀಲಿ’ ಎಂದು ಎರಡು ವರ್ಷ ಕಳೆಸುವುದು ಹಳೆಯ ಆಟ.

ಆಯೋಗಕ್ಕೆ ದೂರನ್ನು ಇ-ಜಾಗೃತಿ ಪೋರ್ಟಲಿನಲ್ಲೂ ಹಾಕಬಹುದು. ದೂರು, ಅಫಿಡವಿಟ್, ದಾಖಲೆಗಳ ಪಟ್ಟಿ, ಪುಟಸಂಖ್ಯೆ ಹಾಕಿದ ದಾಖಲೆಗಳು. ನೋಟಿಸು ಜಾರಿಯಾದ ದಿನವನ್ನು ಗುರುತು ಹಾಕಿಕೊಳ್ಳಿ. ಎದುರಿನವರ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದಕ್ಕಿಂತ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಮಾನಿಸಿದೆ. 46ನೇ ದಿನ ತಂದ ಉತ್ತರವನ್ನು ಆಕ್ಷೇಪಿಸುವವರು ನೀವೇ ಆಗಬೇಕು. ಕಾಯ್ದೆ ಮೂರು ತಿಂಗಳಲ್ಲಿ ಮುಗಿಸಿ ಎನ್ನುತ್ತದೆ. ವರ್ಷ ದಾಟುವುದು ಸಾಮಾನ್ಯ.

ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲ. ‘ಬಂದದ್ದರಲ್ಲಿ ಶೇಕಡ ಇಪ್ಪತ್ತು ನನಗೆ’ ಎನ್ನುವ ವಕೀಲರಿಂದ ದೂರವಿರಿ. ಫಲಿತಾಂಶಕ್ಕೆ ತಳಕು ಹಾಕಿದ ಫೀಸು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ಎದುರಿನವರು ಏನು ಹೇಳುತ್ತಾರೆ

‘ನಿಮ್ಮ ಸ್ವಂತ ಜವಾಬ್ದಾರಿಯಲ್ಲಿ’ ಎಂಬ ಬೋರ್ಡು ಹಾಕಿದ್ದೆವು ಎನ್ನುತ್ತಾರೆ. ಬೋರ್ಡು ಹಾಕಿ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲು ಬರುವುದಿಲ್ಲ. ಹೋಟೆಲಿನ ವಾಲೆ ಪಾರ್ಕಿಂಗಿನಿಂದ (ಹೋಟೆಲಿನವರೇ ಕೀ ಪಡೆದು ಕಾರು ನಿಲ್ಲಿಸುವ ವ್ಯವಸ್ಥೆ) ಕಾರು ಕಳವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಹೇಳಿದೆ. ‘ಎಚ್ಚರಿಕೆ, ನೆಲ ಒದ್ದೆ’ ಎಂಬ ಹಳದಿ ಫಲಕ ಬೇರೆ. ಅದು ನಿಜವಾಗಿ ಕಾಣುವ ಕಡೆ ಇದ್ದಿದ್ದರೆ ನಿಮ್ಮ ಕೇಸಿಗೆ ಪೆಟ್ಟೇ. ಮೊದಲ ಗಂಟೆಯ ಫೋಟೋದಲ್ಲಿ ಫಲಕ ಇಲ್ಲದಿರುವುದು ಕಂಡರೆ, ನಂತರ ತಂದಿಟ್ಟದ್ದು ಗೊತ್ತಾಗುತ್ತದೆ.

‘ಫೋನು ನೋಡುತ್ತಾ ನಡೆಯುತ್ತಿದ್ದರು’ ಎನ್ನುತ್ತಾರೆ. ಸಾಬೀತಾದರೆ ಪೂರ್ತಿ ಪರಿಹಾರ ಹೋಗುವುದಿಲ್ಲ, ನಿಮ್ಮ ಪಾಲಿನ ತಪ್ಪಿನಷ್ಟು ಕಡಿತವಾಗುತ್ತದೆ. ಶೇ. 25 ನಿಮ್ಮದೆಂದರೆ 8,13,000ರಲ್ಲಿ 6,09,750 ಉಳಿಯುತ್ತದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕ್ಯಾಮೆರಾ ನಿಮ್ಮನ್ನೂ ನೋಡಿರುತ್ತದೆ.

‘ಸ್ವಚ್ಛತೆ ಕಾಂಟ್ರಾಕ್ಟರದು’ ಎನ್ನುತ್ತಾರೆ. ಅದಕ್ಕೇ ಮೂವರನ್ನೂ ಸೇರಿಸಿದ್ದು.

ರಾಜಿ ಮತ್ತು ವಸೂಲಿ

ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಣ್ಣಿನ ಬುಟ್ಟಿಯ ಜೊತೆ 20,000 ರೂಪಾಯಿ ಮತ್ತು ಒಂದು ಕಾಗದ ಬರುತ್ತದೆ. ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ಸ್ವೀಕರಿಸಿದ್ದೇನೆ’ ಎಂದಿರುತ್ತದೆ. ಸಹಿ ಹಾಕಬೇಡಿ. ಹಣ ತುರ್ತಾಗಿ ಬೇಕೇ ಬೇಕೆಂದರೆ ‘ಚಿಕಿತ್ಸೆಯ ಖರ್ಚಿನ ಭಾಗವಾಗಿ, ನನ್ನ ಉಳಿದ ಹಕ್ಕುಗಳಿಗೆ ಬಾಧೆಯಿಲ್ಲದಂತೆ’ ಎಂದು ನಿಮ್ಮ ಕೈಯಿಂದಲೇ ಬರೆದು ಸಹಿ ಮಾಡಿ. ಪ್ಲೇಟು ಕೂತು, ಫಿಸಿಯೋಥೆರಪಿ ಮುಗಿದು, ಕೈ ಎಷ್ಟು ತಿರುಗುತ್ತದೆ ಎಂದು ಗೊತ್ತಾಗುವ ಮೊದಲು ಯಾವ ಮೊತ್ತಕ್ಕೂ ರಾಜಿ ಬೇಡ. ಅದಾದ ಮೇಲೆ ನ್ಯಾಯವಾದ ಮೊತ್ತ ಬಂದರೆ ಒಪ್ಪುವುದರಲ್ಲಿ ತಪ್ಪಿಲ್ಲ. ಸಿವಿಲ್ ದಾವೆ ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ, ಆ ತೀರ್ಮಾನದ ಮೇಲೆ ಅಪೀಲೂ ಇಲ್ಲ.

ಆದೇಶ ಬಂದ ದಿನ ದುಡ್ಡು ಬರುವುದಿಲ್ಲ. ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಅಪೀಲು ಹೋಗಲು ಅವರಿಗೆ 45 ದಿನ ಇದೆ, ಆದರೆ ಆದೇಶದ ಅರ್ಧ ಮೊತ್ತ ಠೇವಣಿ ಇಡಬೇಕು. ಅಪೀಲೂ ಇಲ್ಲ, ಹಣವೂ ಇಲ್ಲ ಎಂದಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಅಡಿ ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಬಹುದು, 72ರ ಅಡಿ ದಂಡನೆಯ ಅರ್ಜಿ ಹಾಕಬಹುದು: ಒಂದು ತಿಂಗಳಿಂದ ಮೂರು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ. ಮ್ಯಾನೇಜರ್ ತಾನಾಗಿಯೇ ಫೋನ್ ಮಾಡಿ ಚೆಕ್ಕು ಯಾರ ಹೆಸರಿಗೆ ಬರೆಯಲಿ ಎಂದು ಕೇಳುವುದು ಸಾಮಾನ್ಯವಾಗಿ ಈ ಎರಡನೆಯ ಅರ್ಜಿಯ ನೋಟಿಸು ತಲುಪಿದ ಮೇಲೆ.